ಬ್ರಿಟನ್ನಿನ ‘ಸ್ವತಂತ್ರ ಜೀವನ ನಿಧಿ’: ಒಂದು ಮೀಸಲು ಹಣ ಕರಗಿಹೋದ ಇತಿಹಾಸ



ನಮ್ಮ ಮನೆಗಳಲ್ಲಿ ಅಮ್ಮಂದಿರು ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡುವುದು ನಿಮಗೆಲ್ಲ ಗೊತ್ತೇ ಇದೆ. ಮಗಳ ಕಾಲೇಜು ಶುಲ್ಕಕ್ಕೆಂದು ಆ ಡಬ್ಬಿಯಲ್ಲಿ ದುಡ್ಡಿಟ್ಟರೆ, ಮನೆಯಲ್ಲಿ ಎಷ್ಟೇ ತಾಪತ್ರಯ ಬಂದರೂ ಯಾರೂ ಅದಕ್ಕೆ ಕೈಹಾಕುವುದಿಲ್ಲ. ಒಂದು ದಿನ ಅದೇ ದುಡ್ಡನ್ನು ತೆಗೆದು ಅಂಗಡಿಯ ಗಲ್ಲಾಪೆಟ್ಟಿಗೆಗೆ ಹಾಕಿದರೆಂದು ಇಟ್ಟುಕೊಳ್ಳಿ. ಒಂದು ರೂಪಾಯಿಯೂ ಕಡಿಮೆಯಾಗಿಲ್ಲ. ಆದರೆ ಕರೆಂಟ್ ಬಿಲ್ಲು ಬಂತು, ಬಾಡಿಗೆ ಬಂತು, ಸಾಲ ಕೊಟ್ಟವರು ಬಂದು ನಿಂತರು. ಜೂನ್ ತಿಂಗಳಲ್ಲಿ ಶುಲ್ಕ ಕಟ್ಟಲು ಹೋದಾಗ ಪೆಟ್ಟಿಗೆ ಖಾಲಿ. ಯಾರೂ ಕದಿಯಲಿಲ್ಲ, ಓದು ಬೇಡ ಎಂದು ಯಾರೂ ಹೇಳಲಿಲ್ಲ. ಆದರೂ ಹುಡುಗಿಯ ಓದು ನಿಂತಿತು.

2015ರ ಜೂನ್ 30ರಂದು ಬ್ರಿಟನ್ ಸರ್ಕಾರ ಇಂಥದೇ ಒಂದು ಡಬ್ಬಿಯನ್ನು ಖಾಲಿ ಮಾಡಿತು. ಅದರ ಹೆಸರು ‘ಇಂಡಿಪೆಂಡೆಂಟ್ ಲಿವಿಂಗ್ ಫಂಡ್’, ಅಂದರೆ ಸ್ವತಂತ್ರ ಜೀವನ ನಿಧಿ. ತೀವ್ರ ಅಂಗವೈಕಲ್ಯವುಳ್ಳ ಸುಮಾರು 18 ಸಾವಿರ ಜನ ಈ ನಿಧಿಯ ನೆರವಿನಿಂದ ತಮ್ಮ ತಮ್ಮ ಮನೆಗಳಲ್ಲಿ ಬದುಕುತ್ತಿದ್ದರು. ನಿಧಿ ಮುಚ್ಚಿದಾಗ ಸರ್ಕಾರ ಹೇಳಿದ್ದು ಇಷ್ಟೇ: ‘ಹಣವನ್ನು ಕಿತ್ತುಕೊಳ್ಳುತ್ತಿಲ್ಲ, ಬೇರೆ ಕೈಗೆ ಕೊಡುತ್ತಿದ್ದೇವೆ.’ ಆ ಬೇರೆ ಕೈಯಲ್ಲಿ ಹಣ ಏನಾಯಿತು ಎಂಬುದೇ ಈ ಲೇಖನದ ವಿಷಯ.

ದೂರದ ಬ್ರಿಟನ್ನಿನ ಕಥೆ ನಮಗೇಕೆ ಎಂದು ನೀವು ಕೇಳಬಹುದು. ಅಂಗವಿಕಲರ ಹಕ್ಕುಗಳ ಬಗೆಗಿನ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ ಮತ್ತು ಬ್ರಿಟನ್ ಎರಡೂ ಒಂದೇ ದಿನ, 2007ರ ಮಾರ್ಚ್ 30ರಂದು, ಸಹಿ ಹಾಕಿದವು. ಕಾಗದದ ಮೇಲೆ ನಾವೂ ಅವರೂ ಕೊಟ್ಟ ಮಾತು ಒಂದೇ. ಶ್ರೀಮಂತ ದೇಶವೊಂದರಲ್ಲಿ ಆ ಮಾತು ಹೇಗೆ ಸಡಿಲವಾಯಿತು ಎಂಬುದನ್ನು ನಾವು ತಿಳಿದಿರುವುದು ಒಳ್ಳೆಯದು.

ದಯೆಯ ಮನೆಗಳ ಕಾಲ

ಇಂಗ್ಲೆಂಡಿನಲ್ಲಿ 1834ರ ಬಡವರ ಕಾನೂನು ತಿದ್ದುಪಡಿಯಾದ ಮೇಲೆ, ದುಡಿಯಲಾರದ ಬಡವರಿಗೆ ಉಳಿದದ್ದು ಹೆಚ್ಚಾಗಿ ‘ವರ್ಕ್‌ಹೌಸ್’ ಎಂಬ ಆಶ್ರಯ ಮನೆಯ ದಾರಿಯೇ. ಅಲ್ಲಿ ಹೊಟ್ಟೆಗೆ ಅನ್ನ ಸಿಗುತ್ತಿತ್ತು, ಮರ್ಯಾದೆ ಸಿಗುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಕಾಲ ಬದಲಾಯಿತು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಅದೇ ದಿನ ‘ನ್ಯಾಷನಲ್ ಅಸಿಸ್ಟೆನ್ಸ್ ಆ್ಯಕ್ಟ್’ ಜಾರಿಗೆ ಬಂದು ಹಳೆಯ ಬಡವರ ಕಾನೂನು ಕೊನೆಗೊಂಡಿತು. ಅಂಗವಿಕಲರ ಹೊಣೆ ಸ್ಥಳೀಯ ಕೌನ್ಸಿಲ್‌ಗಳ ಮೇಲೆ ಬಂತು. ಕೌನ್ಸಿಲ್ ಎಂದರೆ ಹೆಚ್ಚು ಕಡಿಮೆ ನಮ್ಮ ನಗರಸಭೆ ಅಥವಾ ಜಿಲ್ಲಾ ಪಂಚಾಯ್ತಿ ಇದ್ದಂತೆ.

ಆದರೆ ಆ ಕಾನೂನಿನಲ್ಲಿ ಒಂದು ತೊಡಕಿತ್ತು. ಕೌನ್ಸಿಲ್‌ಗಳು ಅಂಗವಿಕಲರನ್ನು ವಸತಿ ನಿವಾಸಗಳಲ್ಲಿ ಇಡಬಹುದಿತ್ತು, ಸೇವೆ ಒದಗಿಸಬಹುದಿತ್ತು; ಅವರ ಕೈಗೆ ನಗದು ಹಣ ಕೊಡುವಂತಿರಲಿಲ್ಲ. ಹಾಗಾಗಿ ಹಾಸಿಗೆಯಿಂದ ಏಳಲು ಇನ್ನೊಬ್ಬರ ಸಹಾಯ ಬೇಕಾದವರು ಹೆತ್ತವರ ಮನೆಯಲ್ಲಿರಬೇಕು, ಇಲ್ಲವೇ ನಿವಾಸಕ್ಕೆ ಸೇರಬೇಕು. ಮೂರನೆಯ ದಾರಿ ಇರಲಿಲ್ಲ.

ಇಂಥ ನಿವಾಸಗಳಲ್ಲಿ ಹೆಸರಾದದ್ದು ಹ್ಯಾಂಪ್‌ಶೈರ್ ಪ್ರಾಂತ್ಯದ ‘ಲೆ ಕೋರ್ಟ್’. ಯುದ್ಧಕಾಲದಲ್ಲಿ ವಿಮಾನ ಚಾಲಕನಾಗಿ ಖ್ಯಾತಿ ಪಡೆದ ಲೆನಾರ್ಡ್ ಚೆಷೈರ್ ಎಂಬವರು 1948ರಲ್ಲಿ ಆರಂಭಿಸಿದ ಮೊದಲ ಚೆಷೈರ್ ನಿವಾಸ ಅದು. ಮುಂದೆ ಈ ಸಂಸ್ಥೆ ಭಾರತಕ್ಕೂ ಬಂತು. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಚೆಷೈರ್ ಹೋಮ್ ಅದೇ ಬಳ್ಳಿಯ ಕುಡಿ.

ಒಳಗಿನಿಂದ ಎದ್ದ ಪ್ರಶ್ನೆ

ಲೆ ಕೋರ್ಟ್‌ನಲ್ಲಿ ಪಾಲ್ ಹಂಟ್ ಎಂಬ ಯುವಕನಿದ್ದ. 1937ರಲ್ಲಿ ಹುಟ್ಟಿದ ಆತನಿಗೆ ಸ್ನಾಯುಗಳು ಕ್ಷೀಣಿಸುತ್ತಾ ಹೋಗುವ ಕಾಯಿಲೆ. ನಿವಾಸದಲ್ಲಿ ಊಟ, ಉಪಚಾರಕ್ಕೆ ಕೊರತೆ ಇರಲಿಲ್ಲ. ಆದರೆ ಎಷ್ಟು ಹೊತ್ತಿಗೆ ಮಲಗಬೇಕು, ಯಾರನ್ನು ಭೇಟಿಯಾಗಬೇಕು ಎಂಬುದನ್ನು ತೀರ್ಮಾನಿಸುವವರು ಬೇರೆಯವರು. ಹಂಟ್ ಮತ್ತು ಸಂಗಡಿಗರು ನಿವಾಸದ ಆಡಳಿತದಲ್ಲಿ ತಮಗೂ ಪಾಲು ಬೇಕೆಂದು ವರ್ಷಗಟ್ಟಲೆ ಹೋರಾಡಿದರು. 1972ರ ಸೆಪ್ಟೆಂಬರಿನಲ್ಲಿ ಆತ ‘ಗಾರ್ಡಿಯನ್’ ಪತ್ರಿಕೆಗೆ ಒಂದು ಪತ್ರ ಬರೆದು, ಇಂಥ ನಿವಾಸಗಳಲ್ಲಿ ಪ್ರತ್ಯೇಕವಾಗಿ ಇಡಲ್ಪಟ್ಟವರು ಒಂದು ಸಂಘ ಕಟ್ಟೋಣ ಎಂದು ಕರೆಕೊಟ್ಟ. ಅದರಿಂದ ಹುಟ್ಟಿದ ಸಂಘಟನೆ ಒಂದು ಹೊಸ ವಿಚಾರವನ್ನು ಮುಂದಿಟ್ಟಿತು. ಕಾಲಿಲ್ಲದಿರುವುದು ದೇಹದ ಸ್ಥಿತಿ. ಆದರೆ ಮೆಟ್ಟಿಲನ್ನಷ್ಟೇ ಕಟ್ಟಿ ‘ನೀನು ಒಳಗೆ ಬರಲಾರೆ’ ಎನ್ನುವುದು ಸಮಾಜದ ಕೆಲಸ. ಮನುಷ್ಯನನ್ನು ನಿಜವಾಗಿ ವಿಕಲನನ್ನಾಗಿ ಮಾಡುವುದು ಈ ಎರಡನೆಯದು ಎಂಬುದು ಅವರ ವಾದ.

ಇಲ್ಲಿ ಭಾಷೆಯ ಒಂದು ಮಾತು. ಉರ್ದುವಿನಲ್ಲಿ ನಾವು ಅಂಗವಿಕಲರನ್ನು ‘ಮಾಜೂರ್’ ಎನ್ನುತ್ತೇವೆ. ‘ಉಜ್ರ್’ ಎಂದರೆ ಕಾರಣ, ಸಬೂಬು. ಸಕಾರಣವಾಗಿ ವಿನಾಯಿತಿ ಪಡೆದವನು ಮಾಜೂರ್. ಈ ಪದದಲ್ಲಿ ಕರುಣೆ ಇದೆ, ನಿಜ. ಆದರೆ ತರಗತಿಯಲ್ಲಿ ನಾನು ಗಮನಿಸಿದ್ದೇನೆ: ಓಟದಿಂದ ವಿನಾಯಿತಿ ಕೊಟ್ಟ ಹುಡುಗನಿಗೆ ನಾವು ಕ್ರಮೇಣ ನಾಟಕದಿಂದಲೂ, ಪ್ರವಾಸದಿಂದಲೂ, ಕೊನೆಗೆ ಪ್ರಶ್ನೆ ಕೇಳುವುದರಿಂದಲೂ ವಿನಾಯಿತಿ ಕೊಟ್ಟುಬಿಡುತ್ತೇವೆ. ಪಾಲ್ ಹಂಟ್ ಮತ್ತು ಸಂಗಡಿಗರು ಕೇಳಿದ್ದು ವಿನಾಯಿತಿಯನ್ನಲ್ಲ, ಎಲ್ಲರೊಡನೆ ಬದುಕುವ ಅನುಕೂಲವನ್ನು.

ಪಾಲ್ ಹಂಟ್ 1979ರಲ್ಲಿ ತೀರಿಕೊಂಡರು. ಅದೇ ವರ್ಷ ಲೆ ಕೋರ್ಟ್‌ನ ಇನ್ನು ಕೆಲವು ನಿವಾಸಿಗಳು ‘ಪ್ರಾಜೆಕ್ಟ್ 81’ ಎಂಬ ಯೋಜನೆಗೆ ಕೈಹಾಕಿದರು. 1981 ವಿಶ್ವಸಂಸ್ಥೆ ಸಾರಿದ ಅಂತಾರಾಷ್ಟ್ರೀಯ ಅಂಗವಿಕಲರ ವರ್ಷವಾದ್ದರಿಂದ ಆ ಹೆಸರು. ಅವರ ಲೆಕ್ಕಾಚಾರ ಬಹಳ ಸರಳ. ನಮ್ಮನ್ನು ನಿವಾಸದಲ್ಲಿಡಲು ಕೌನ್ಸಿಲ್ ಹೇಗೂ ಹಣ ಕೊಡುತ್ತಿದೆ. ಅದೇ ಹಣವನ್ನು ನಮಗೆ ದೊರಕುವಂತೆ ಮಾಡಿದರೆ ನಾವೇ ಸಹಾಯಕರನ್ನು ನೇಮಿಸಿಕೊಂಡು ನಮ್ಮ ಮನೆಯಲ್ಲಿ ಬದುಕುತ್ತೇವೆ. ಅವರಲ್ಲಿ ಒಬ್ಬರಾದ ಜಾನ್ ಇವಾನ್ಸ್ 1983ರಲ್ಲಿ ನಿವಾಸ ಬಿಟ್ಟು ಸ್ವಂತ ಮನೆ ಸೇರಿದರು. ಹಣ ನೇರವಾಗಿ ಅವರ ಕೈಗೆ ಬರುವಂತಿರಲಿಲ್ಲವಾದ್ದರಿಂದ ಸುತ್ತುಬಳಸಿನ ಏರ್ಪಾಟು ಮಾಡಿಕೊಳ್ಳಬೇಕಾಯಿತು. ಕೌನ್ಸಿಲ್‌ಗಳು ನೇರವಾಗಿ ನಗದು ಕೊಡಬಹುದೆಂಬ ಕಾನೂನು ಬಂದದ್ದು 1996ರಲ್ಲಿ.

ಸಂಸತ್ತಿನಲ್ಲಿಯೂ ಕೆಲಸ ನಡೆದಿತ್ತು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕನ ಮಗ ಆಲ್ಫ್ ಮಾರಿಸ್ ಎಂಬ ಸದಸ್ಯ ಖಾಸಗಿ ಮಸೂದೆಯಾಗಿ ಮಂಡಿಸಿದ ಅಂಗವಿಕಲರ ಕಾನೂನು 1970ರಲ್ಲಿ ಅಂಗೀಕಾರವಾಯಿತು. 1974ರಲ್ಲಿ ಅವರೇ ಅಂಗವಿಕಲರ ಖಾತೆಯ ಸಚಿವರಾದರು.

1988: ನಿಧಿಯ ಹುಟ್ಟು

ಸ್ವತಂತ್ರ ಜೀವನ ನಿಧಿ ಹುಟ್ಟಿದ್ದೂ ಒಂದು ಕಡಿತದಿಂದಲೇ ಎಂಬುದು ಇತಿಹಾಸದ ವ್ಯಂಗ್ಯ. ಮಾರ್ಗರೆಟ್ ಥ್ಯಾಚರ್ ಸರ್ಕಾರ 1986ರ ಕಾನೂನಿನ ಮೂಲಕ ಬಡವರ ಭತ್ಯೆಗಳನ್ನು ಪುನರ್ರಚಿಸಿತು. 1988ರ ಏಪ್ರಿಲ್‌ನಲ್ಲಿ ಅದು ಜಾರಿಗೆ ಬಂದಾಗ, ಮನೆಗೆಲಸದ ನೆರವಿಗಾಗಿ ಅಂಗವಿಕಲರಿಗೆ ಸಿಗುತ್ತಿದ್ದ ಹೆಚ್ಚುವರಿ ಮೊತ್ತ ನಿಂತುಹೋಯಿತು. ಸಂಘಟನೆಗಳು ಪ್ರತಿಭಟಿಸಿದವು. ಆ ಕೊರತೆ ತುಂಬಲು ಸರ್ಕಾರ ಅದೇ ವರ್ಷ ಒಂದು ಟ್ರಸ್ಟ್ ಸ್ಥಾಪಿಸಿ 50 ಲಕ್ಷ ಪೌಂಡು ಇಟ್ಟಿತು. ಇದು ಐದು ವರ್ಷದ ತಾತ್ಕಾಲಿಕ ಏರ್ಪಾಟು, ಕೆಲವೇ ನೂರು ಜನ ಅರ್ಜಿ ಹಾಕಬಹುದು ಎಂಬುದು ಅಧಿಕಾರಿಗಳ ಅಂದಾಜು.

ಆದದ್ದೇ ಬೇರೆ. 1993ರ ಹೊತ್ತಿಗೆ ನೆರವು ಪಡೆಯುವವರು 20 ಸಾವಿರ ದಾಟಿದ್ದರು. ಇಷ್ಟು ಜನ ಎಲ್ಲಿದ್ದರು? ಅವರು ಹೊಸದಾಗಿ ಹುಟ್ಟಿದವರಲ್ಲ. ಹೆತ್ತವರ ಮನೆಯ ಹಿಂದಿನ ಕೋಣೆಯಲ್ಲಿ, ನಿವಾಸಗಳಲ್ಲಿ, ಆಸ್ಪತ್ರೆಯ ವಾರ್ಡುಗಳಲ್ಲಿ ಇದ್ದವರು. ದಾರಿಯೊಂದು ಕಂಡಾಗ ಹೊರಗೆ ಬಂದರು, ಅಷ್ಟೆ.

1993ರಲ್ಲಿ ನಿಯಮ ಬದಲಾಯಿತು. ಹೊಸ ಅರ್ಜಿದಾರರಿಗೆ ಮೊದಲು ಕೌನ್ಸಿಲ್ ವಾರಕ್ಕೆ ಕನಿಷ್ಠ 200 ಪೌಂಡಿನ ಸೇವೆ ಒದಗಿಸಬೇಕು, ಅದರ ಮೇಲಿನದನ್ನು ನಿಧಿ ತುಂಬುತ್ತದೆ ಎಂದಾಯಿತು. ನಿಧಿಯ ಹಣದಿಂದ ಜನ ತಮಗೆ ಬೇಕಾದ ಸಹಾಯಕರನ್ನು ತಾವೇ ನೇಮಿಸಿಕೊಂಡರು. ಬೆಳಿಗ್ಗೆ ಎಬ್ಬಿಸಿ ಸ್ನಾನ ಮಾಡಿಸುವುದು, ಉಡುಪು ತೊಡಿಸುವುದು, ಊಟ ಮಾಡಿಸುವುದು, ಕಚೇರಿಗೆ ಅಥವಾ ಕಾಲೇಜಿಗೆ ಜೊತೆಗೆ ಬರುವುದು, ರಾತ್ರಿ ಮಗ್ಗುಲು ತಿರುಗಿಸುವುದು, ಇವೇ ಆ ಕೆಲಸಗಳು. ಓದುಗರೇ, ನಾವು ಬೆಳಿಗ್ಗೆ ಎದ್ದು ಬಸ್ಸು ಹತ್ತುವವರೆಗೆ ಎಷ್ಟು ಸಲ ಕೈಕಾಲು ಆಡಿಸುತ್ತೇವೆಂದು ಒಮ್ಮೆ ಎಣಿಸಿ ನೋಡಿ. ಅಷ್ಟೂ ಸಲ ಇನ್ನೊಬ್ಬರ ಕೈ ಬೇಕಾದವರ ಬದುಕು ಆ ಸಹಾಯಕನ ಸಂಬಳದ ಮೇಲೆ ನಿಂತಿರುತ್ತದೆ.

ಬಾಗಿಲು ಮುಚ್ಚತೊಡಗಿತು

2008ರಲ್ಲಿ ಬ್ಯಾಂಕುಗಳ ಕುಸಿತದಿಂದ ಜಗತ್ತಿನ ಆರ್ಥಿಕ ಸ್ಥಿತಿ ಅಲುಗಾಡಿತು. ಬ್ರಿಟನ್ ಸರ್ಕಾರ ಬ್ಯಾಂಕುಗಳನ್ನು ಉಳಿಸಲು ಅಪಾರ ಹಣ ಸುರಿಯಿತು, ಆದಾಯ ಕುಸಿಯಿತು, ಸಾಲ ಬೆಳೆಯಿತು. 2010ರ ಮೇ ತಿಂಗಳಲ್ಲಿ ಡೇವಿಡ್ ಕ್ಯಾಮರೂನ್ ನೇತೃತ್ವದ ಸಮ್ಮಿಶ್ರ ಸರ್ಕಾರ ಬಂದು ಮಿತವ್ಯಯದ ನೀತಿಯನ್ನು ಘೋಷಿಸಿತು.

ಮರು ತಿಂಗಳೇ, ಆ ವರ್ಷದ ಹಣ ಮುಗಿದಿದೆ ಎಂದು ಸ್ವತಂತ್ರ ಜೀವನ ನಿಧಿ ಹೊಸ ಅರ್ಜಿಗಳನ್ನು ನಿಲ್ಲಿಸಿತು. ಡಿಸೆಂಬರಿನಲ್ಲಿ ಆ ಬಾಗಿಲನ್ನು ಶಾಶ್ವತವಾಗಿ ಮುಚ್ಚಲಾಯಿತು. 2012ರ ಡಿಸೆಂಬರಿನಲ್ಲಿ, ಇರುವವರಿಗೂ ನಿಧಿ 2015ರಲ್ಲಿ ಕೊನೆಗೊಳ್ಳುತ್ತದೆ, ಆ ಹಣ ಕೌನ್ಸಿಲ್‌ಗಳಿಗೆ ಹೋಗುತ್ತದೆ ಎಂಬ ಪ್ರಕಟಣೆ ಬಂತು.

ಸರ್ಕಾರದ ವಾದವನ್ನೂ ನ್ಯಾಯವಾಗಿ ಹೇಳಬೇಕು. ಒಂದೇ ಕೆಲಸಕ್ಕೆ ಎರಡು ವ್ಯವಸ್ಥೆಗಳೇಕೆ? ಕೌನ್ಸಿಲ್ ಜನರಿಗೆ ಹತ್ತಿರ. 2010ಕ್ಕೆ ಮೊದಲು ಅರ್ಜಿ ಹಾಕಿದವರಿಗೆ ಹೆಚ್ಚು, ನಂತರದವರಿಗೆ ಕಡಿಮೆ ಎಂಬುದು ಸರಿಯೇ? ಇವು ಅವಿವೇಕದ ಪ್ರಶ್ನೆಗಳಲ್ಲ. ಆದರೆ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಹಾಲು ಸಿಗುತ್ತಿದ್ದರೆ ಸಮಾನತೆ ತರಲು ಎರಡು ದಾರಿಗಳಿವೆ: ಇನ್ನೊಬ್ಬನಿಗೂ ಹಾಲು ಕೊಡುವುದು, ಇಲ್ಲವೇ ಇವನ ಲೋಟವನ್ನೂ ಕಿತ್ತುಕೊಳ್ಳುವುದು. ಸರ್ಕಾರ ಎರಡನೆಯದನ್ನು ಆರಿಸಿತು.

ಅದರ ಜೊತೆಗೆ ಇಂಗ್ಲೆಂಡಿನಲ್ಲಿ ಆ ಹಣಕ್ಕೆ ‘ಮೀಸಲು’ ಎಂಬ ಮುದ್ರೆ ಇರಲಿಲ್ಲ. ಅದನ್ನು ಅಂಗವಿಕಲರಿಗೇ ಖರ್ಚು ಮಾಡಬೇಕೆಂಬ ಕಟ್ಟುಪಾಡು ಕೌನ್ಸಿಲ್‌ಗಳಿಗೆ ಇರಲಿಲ್ಲ. ಅದೇ ಸಮಯದಲ್ಲಿ ಆ ಕೌನ್ಸಿಲ್‌ಗಳ ಗಲ್ಲಾಪೆಟ್ಟಿಗೆ ಬರಿದಾಗುತ್ತಿತ್ತು. 2010-11ರಿಂದ 2017-18ರವರೆಗೆ ಸರ್ಕಾರ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳಿಗೆ ಕೊಡುವ ಹಣ, ಬೆಲೆ ಏರಿಕೆಯನ್ನು ಲೆಕ್ಕ ಹಿಡಿದರೆ, ಶೇ. 49ರಷ್ಟು ಕಡಿಮೆಯಾಯಿತೆಂದು ಅಲ್ಲಿನ ನ್ಯಾಷನಲ್ ಆಡಿಟ್ ಆಫೀಸ್ 2018ರಲ್ಲಿ ವರದಿ ಮಾಡಿತು. ಸಾಸಿವೆ ಡಬ್ಬಿಯ ದುಡ್ಡು ಹೋಗಿ ಬಿದ್ದದ್ದು ಇಂಥ ಪೆಟ್ಟಿಗೆಗೆ.

ಹಣದ ಕೊರತೆಯಿದ್ದ ಕೌನ್ಸಿಲ್ ಹೇಗೆ ಯೋಚಿಸುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಮೊಕದ್ದಮೆ ಸಾಕ್ಷಿ. ಇದು ನಿಧಿಗೆ ಸಂಬಂಧಿಸಿದ್ದಲ್ಲ, ಲಂಡನ್ನಿನ ಕೆನ್ಸಿಂಗ್ಟನ್ ಮತ್ತು ಚೆಲ್ಸಿ ಕೌನ್ಸಿಲ್‌ನ ಸೇವೆಗೆ ಸಂಬಂಧಿಸಿದ್ದು. ಪಾರ್ಶ್ವವಾಯುವಿಗೆ ತುತ್ತಾದ ಒಬ್ಬ ಮಾಜಿ ಬ್ಯಾಲೆ ನರ್ತಕಿಗೆ ರಾತ್ರಿ ಶೌಚಕ್ಕೆ ಎದ್ದು ಹೋಗಲು ಸಹಾಯಕರು ಬೇಕಿತ್ತು. ಮೂತ್ರ ಹಿಡಿದುಕೊಳ್ಳುವ ಶಕ್ತಿ ಆಕೆಗಿತ್ತು. ಆದರೆ ರಾತ್ರಿಯ ಸಹಾಯಕರನ್ನು ನಿಲ್ಲಿಸಿ, ಮಕ್ಕಳಿಗೆ ಕಟ್ಟುವಂಥ ಪ್ಯಾಡುಗಳನ್ನು ಬಳಸಿದರೆ ಖರ್ಚು ಉಳಿಯುತ್ತದೆ ಎಂದು ಕೌನ್ಸಿಲ್ ತೀರ್ಮಾನಿಸಿತು. 2011ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಬಹುಮತದಿಂದ ಕೌನ್ಸಿಲ್ ಪರವಾಗಿಯೇ ತೀರ್ಪಿತ್ತಿತು. ಪೀಠದಲ್ಲಿದ್ದ ಐವರಲ್ಲಿ ಲೇಡಿ ಹೇಲ್ ಒಬ್ಬರೇ ಭಿನ್ನಮತ ಬರೆದರು. ಕಾಗದದಲ್ಲಿ ಇದು ಒಂದು ಉಳಿತಾಯದ ಸಾಲು. ಮಂಚದ ಮೇಲೆ ಮಲಗಿದ ಹೆಂಗಸಿಗೆ ಅದೇನೆಂದು ವಿವರಿಸಬೇಕಾಗಿಲ್ಲ.

ನ್ಯಾಯಾಲಯದ ಮೆಟ್ಟಿಲು

ನಿಧಿ ಮುಚ್ಚುವ ನಿರ್ಧಾರವನ್ನು ಐವರು ಬಳಕೆದಾರರು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಕೆಳಗಿನ ಹಂತದಲ್ಲಿ ಸೋತರು. 2013ರ ನವೆಂಬರ್ 6ರಂದು ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟು ಸರ್ಕಾರದ ನಿರ್ಧಾರವನ್ನು ರದ್ದುಪಡಿಸಿತು. 2010ರ ಸಮಾನತೆ ಕಾನೂನಿನ ಪ್ರಕಾರ, ಇಂಥ ನಿರ್ಧಾರಕ್ಕೆ ಮುನ್ನ ಅಂಗವಿಕಲರ ಮೇಲೆ ಆಗುವ ಪರಿಣಾಮವನ್ನು ಸಚಿವರು ಮನಸ್ಸಿಟ್ಟು ಪರಿಶೀಲಿಸಬೇಕು. ಹಾಗೆ ಪರಿಶೀಲಿಸಿದ್ದಕ್ಕೆ ಪುರಾವೆ ಇಲ್ಲ, ಪರಿಣಾಮದ ತೀವ್ರತೆ ಸಚಿವರಿಗೆ ಸರಿಯಾಗಿ ತಿಳಿದೇ ಇರಲಿಲ್ಲ ಎಂಬುದು ತೀರ್ಪಿನ ಸಾರ.

ಗೆಲುವು ನಾಲ್ಕು ತಿಂಗಳು ಉಳಿಯಿತು. 2014ರ ಮಾರ್ಚ್‌ನಲ್ಲಿ ಸರ್ಕಾರ ಪರಿಣಾಮಗಳನ್ನೆಲ್ಲ ಕಡತದಲ್ಲಿ ಬರೆದು, ಓದಿ, ಮತ್ತೆ ಅದೇ ನಿರ್ಧಾರ ಮಾಡಿತು. ಮತ್ತೆ ಮೊಕದ್ದಮೆ. 2014ರ ಡಿಸೆಂಬರಿನಲ್ಲಿ ಹೈಕೋರ್ಟು, ಈ ಸಲ ಸಚಿವರು ಎಲ್ಲ ತಿಳಿದೇ ನಿರ್ಧರಿಸಿದ್ದಾರೆ, ಹಾಗಾಗಿ ಇದು ಕಾನೂನುಬದ್ಧ ಎಂದಿತು. ಈ ಎರಡು ತೀರ್ಪುಗಳನ್ನು ಜೊತೆಗಿಟ್ಟು ಓದಿದರೆ ಒಂದು ಪಾಠ ಸಿಗುತ್ತದೆ. ಕಾನೂನು ಆಳುವವರನ್ನು ‘ಕಣ್ತೆರೆದು ನೋಡಿ’ ಎಂದು ಒತ್ತಾಯಿಸಬಲ್ಲದು. ನೋಡಿದ ಮೇಲೆ ಕೈ ಹಿಡಿಯಲೇಬೇಕು ಎಂದು ಒತ್ತಾಯಿಸಲು ಕಾನೂನಿನಲ್ಲಿ ಹಕ್ಕೇ ಬರೆದಿರಬೇಕು. ಇಲ್ಲಿ ಅದು ಬರೆದಿರಲಿಲ್ಲ.

2015ರ ಜೂನ್ 24ರಂದು, ಪ್ರಧಾನಿಯ ಪ್ರಶ್ನೋತ್ತರ ನಡೆಯುತ್ತಿದ್ದಾಗ, ಗಾಲಿಕುರ್ಚಿಯಲ್ಲಿ ಬಂದ ಪ್ರತಿಭಟನಕಾರರು ಸಂಸತ್ತಿನ ಸಭಾಂಗಣದ ಬಾಗಿಲವರೆಗೆ ನುಗ್ಗಿದರು. ಪೊಲೀಸರು ತಡೆದರು. ಆರು ದಿನಗಳ ನಂತರ ನಿಧಿ ಮುಚ್ಚಿತು.

ಮುಚ್ಚಿದ ಮೇಲೆ

ಒಂದೇ ದೇಶ, ಒಂದೇ ದಿನ, ಆದರೆ ಅದೃಷ್ಟ ಬೇರೆ ಬೇರೆ. ಇಂಗ್ಲೆಂಡಿನ ಬಳಕೆದಾರರು ನೂರೈವತ್ತಕ್ಕೂ ಹೆಚ್ಚು ಕೌನ್ಸಿಲ್‌ಗಳ ಪಾಲಾದರು. ಕೆಲವು ಕೌನ್ಸಿಲ್‌ಗಳು ಹಿಂದಿನಷ್ಟೇ ನೆರವು ಮುಂದುವರಿಸಿದವು. ಕೆಲವು ಮರುಪರಿಶೀಲನೆ ನಡೆಸಿ ಗಂಟೆಗಳನ್ನು ಕತ್ತರಿಸಿದವು. ಮುಚ್ಚಿದ ಒಂದು ವರ್ಷದ ಬಳಿಕ ಲಂಡನ್ನಿನ ಅಂಗವಿಕಲರ ಸಂಘಟನೆಯೊಂದು ಅಧ್ಯಯನ ನಡೆಸಿದಾಗ ಕಂಡದ್ದು ಇದೇ ಅಸಮಾನತೆ. ರಸ್ತೆಯ ಈ ಬದಿಯ ಮನೆಯವನಿಗೆ ಸಹಾಯಕ ಉಳಿದ, ಆ ಬದಿಯ ಮನೆ ಬೇರೆ ಕೌನ್ಸಿಲ್‌ಗೆ ಸೇರಿದ್ದರೆ ಉಳಿಯದೇ ಹೋಗಬಹುದು.

ಸ್ಕಾಟ್ಲೆಂಡ್ ಬೇರೆ ದಾರಿ ಹಿಡಿಯಿತು. 2015ರ ಜುಲೈ 1ರಂದೇ ಅಲ್ಲಿನ ಸರ್ಕಾರ ‘ಐಎಲ್‌ಎಫ್ ಸ್ಕಾಟ್ಲೆಂಡ್’ ಎಂಬ ತನ್ನದೇ ಸಂಸ್ಥೆಯನ್ನು ಸ್ಥಾಪಿಸಿ, ಉತ್ತರ ಐರ್ಲೆಂಡಿನ ಬಳಕೆದಾರರ ಹೊಣೆಯನ್ನೂ ಹೊತ್ತಿತು. 2024ರಲ್ಲಿ, ಹದಿನಾಲ್ಕು ವರ್ಷಗಳ ನಂತರ, ಅಲ್ಲಿ ಹೊಸ ಅರ್ಜಿದಾರರಿಗೂ ನಿಧಿಯ ಬಾಗಿಲು ತೆರೆಯಿತು. ವೇಲ್ಸ್ ಮೊದಲು ಪ್ರತ್ಯೇಕ ಅನುದಾನ ಇಟ್ಟು, ಬಳಿಕ ಕೌನ್ಸಿಲ್‌ಗಳಿಗೆ ವರ್ಗಾಯಿಸಲು ಹೊರಟಿತು. ಬಳಕೆದಾರರು ಪಟ್ಟುಹಿಡಿದು ಹೋರಾಡಿದ್ದರಿಂದ 2019ರಲ್ಲಿ ಸರ್ಕಾರ, ನೆರವು ಕಡಿತಗೊಂಡು ಅತೃಪ್ತರಾದವರಿಗೆ ಸ್ವತಂತ್ರ ಮರುಪರಿಶೀಲನೆಯ ಅವಕಾಶ ಕೊಟ್ಟಿತು. ಹಣವೇ ಇಲ್ಲ ಎಂಬ ಮಾತು ಮೂರೂ ಕಡೆ ಒಂದೇ ಆಗಿದ್ದರೆ ಫಲವೂ ಒಂದೇ ಆಗಬೇಕಿತ್ತಲ್ಲವೇ? ಹಾಗಾಗಲಿಲ್ಲ. ಕೊರತೆ ಎಲ್ಲರಿಗೂ ಇತ್ತು, ಆಯ್ಕೆ ಬೇರೆ ಬೇರೆಯಾಗಿತ್ತು.

ಇದೇ ಅವಧಿಯಲ್ಲಿ ಇನ್ನೊಂದು ಕತ್ತರಿಯೂ ಆಡಿತು. 1992ರಿಂದ ಇದ್ದ ಅಂಗವಿಕಲರ ಜೀವನ ಭತ್ಯೆಯ ಬದಲು 2013ರಲ್ಲಿ ಹೊಸ ಭತ್ಯೆ ಬಂತು. ಖರ್ಚನ್ನು ಶೇ. 20ರಷ್ಟು ಇಳಿಸುವ ಗುರಿಯನ್ನು ಸರ್ಕಾರ 2010ರಲ್ಲೇ ಹೇಳಿತ್ತು. ಓಡಾಟದ ಗರಿಷ್ಠ ಭತ್ಯೆಗೆ ಮೊದಲು ಸುಮಾರು 50 ಮೀಟರ್ ನಡೆಯಲಾಗದಿರುವುದು ರೂಢಿಯ ಅಳತೆಯಾಗಿತ್ತು. ಈಗ ಅದು 20 ಮೀಟರ್ ಆಯಿತು. ಎರಡು ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಹೆಚ್ಚು ಕಡಿಮೆ ಅಷ್ಟು ಉದ್ದ. ಅದಕ್ಕಿಂತ ನಾಲ್ಕು ಹೆಜ್ಜೆ ಹೆಚ್ಚು ಇಡಬಲ್ಲವರು ಗರಿಷ್ಠ ಭತ್ಯೆ ಕಳೆದುಕೊಂಡರು. ಆ ಭತ್ಯೆಯ ಆಧಾರದಲ್ಲಿ ಪಡೆದಿದ್ದ ಕಾರುಗಳನ್ನು ಸಾವಿರಾರು ಜನ ಹಿಂತಿರುಗಿಸಬೇಕಾಯಿತು. ಇಷ್ಟಾದರೂ ಅಂದುಕೊಂಡ ಉಳಿತಾಯ ಬರಲಿಲ್ಲ; ಭತ್ಯೆಯ ಒಟ್ಟು ವೆಚ್ಚ ಏರುತ್ತಲೇ ಹೋಯಿತು.

2016ರ ನವೆಂಬರಿನಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿ ತನ್ನ ವಿಚಾರಣೆಯ ವರದಿ ಪ್ರಕಟಿಸಿತು. ಒಡಂಬಡಿಕೆಯ ಅಡಿಯಲ್ಲಿ ಒಂದು ದೇಶದ ಮೇಲೆ ನಡೆದ ಇಂಥ ಮೊದಲ ವಿಚಾರಣೆ ಅದು. ಅಂಗವಿಕಲರ ಹಕ್ಕುಗಳ ಗಂಭೀರ ಅಥವಾ ವ್ಯವಸ್ಥಿತ ಉಲ್ಲಂಘನೆ ನಡೆದಿದೆ ಎಂದು ಸಮಿತಿ ಹೇಳಿತು. ಬ್ರಿಟನ್ ಸರ್ಕಾರ ಅದನ್ನು ಒಪ್ಪಲಿಲ್ಲ.

ಕಥೆ ಅಲ್ಲಿಗೂ ಮುಗಿಯಲಿಲ್ಲ. 2025ರಲ್ಲಿ ಬೇರೆ ಪಕ್ಷದ ಸರ್ಕಾರ ಇದೇ ಭತ್ಯೆಯ ಅರ್ಹತೆಯನ್ನು ಇನ್ನಷ್ಟು ಬಿಗಿಗೊಳಿಸಲು ಹೊರಟಿತು. ಆದರೆ ಜುಲೈ 1ರಂದು, ತನ್ನದೇ ಸದಸ್ಯರ ಬಂಡಾಯಕ್ಕೆ ಮಣಿದು ಆ ಭಾಗವನ್ನು ಮಸೂದೆಯಿಂದ ಕೈಬಿಟ್ಟಿತು. ಹದಿನೈದು ವರ್ಷ ಬೀದಿಯಲ್ಲೂ ನ್ಯಾಯಾಲಯದಲ್ಲೂ ಹೋರಾಡಿದವರ ದನಿ ಸಂಸತ್ತಿನೊಳಗೆ ಕೇಳಿಸಲು ಅಷ್ಟು ಕಾಲ ಹಿಡಿಯಿತು.

ಉಳಿದ ಹಣ ಎಲ್ಲಿ ಹೋಗುತ್ತದೆ?

ಸರ್ಕಾರ ಒಬ್ಬ ಸಹಾಯಕನ ಸಂಬಳ ಉಳಿಸಿದರೆ ಆ ಕೆಲಸ ಮಾಯವಾಗುವುದಿಲ್ಲ. ಅಂಗವಿಕಲನನ್ನು ಯಾರಾದರೂ ಎಬ್ಬಿಸಲೇಬೇಕು. ಹೆಚ್ಚಾಗಿ ಅದು ತಾಯಿ, ಇಲ್ಲವೇ ಹೆಂಡತಿ, ಇಲ್ಲವೇ ಶಾಲೆ ಬಿಟ್ಟ ಅಕ್ಕ. ಅವರ ದುಡಿಮೆಗೆ ಯಾವ ಬಜೆಟ್ಟಿನಲ್ಲೂ ಸಾಲಿಲ್ಲ. ಹಾಗಾಗಿಯೇ ಕಾಗದದಲ್ಲಿ ಅದು ಉಳಿತಾಯದಂತೆ ಕಾಣುತ್ತದೆ.

ನಮ್ಮ ಊರಿನ ಕಡೆ ಈ ಮಾತು ಹೊಸದಲ್ಲ. ನನ್ನ ತರಗತಿಯಲ್ಲಿ ನಡೆಯಲಾರದ ಹುಡುಗನೊಬ್ಬನನ್ನು ಅವನ ಅಕ್ಕ ಎರಡು ವರ್ಷ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬರುತ್ತಿದ್ದಳು. ಹತ್ತನೆಯ ತರಗತಿ ಮುಗಿದ ಮೇಲೆ ಅವಳ ಕಾಲೇಜಿನ ಹೊತ್ತೂ ನಮ್ಮ ಶಾಲೆಯ ಹೊತ್ತೂ ಒಂದೇ ಆಯಿತು. ಅವಳು ಕಾಲೇಜಿಗೆ ಸೇರಲಿಲ್ಲ. ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರಿನ ಮುಂದೆ ದಿನವೂ ಹಾಜರಿ ಗುರುತು ಹಾಕುತ್ತಿದ್ದ ನನಗೆ, ಆ ಗುರುತಿನ ಬೆಲೆ ತೆತ್ತವರು ಯಾರೆಂದು ತಿಳಿಯಲು ಒಂದು ವರ್ಷ ಹಿಡಿಯಿತು.

ನಮಗೇನು ಪಾಠ?

ನಮ್ಮಲ್ಲಿ ಇಂಥ ನಿಧಿಯೇ ಇರಲಿಲ್ಲ, ಕಡಿತದ ಮಾತೆಲ್ಲಿ ಎನ್ನಬೇಡಿ. ಮೊತ್ತವನ್ನು ಇಳಿಸದೆಯೂ ಕಡಿತ ಮಾಡಬಹುದು. ಕೇಂದ್ರ ಸರ್ಕಾರ 2009ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಆರಂಭಿಸಿತು. ಬಡತನ ರೇಖೆಯ ಕೆಳಗಿರುವ, ಶೇ. 80ರಷ್ಟು ಅಂಗವೈಕಲ್ಯವಿರುವವರಿಗೆ ತಿಂಗಳಿಗೆ 200 ರೂಪಾಯಿ ಕೊಡುವ ಯೋಜನೆ ಇದು. 2012ರಲ್ಲಿ ಅದು 300 ಆಯಿತು. ಆಮೇಲೆ ಹತ್ತು ವರ್ಷ ಕಳೆದರೂ ಕೇಂದ್ರದ ಪಾಲು ಅಷ್ಟೇ ಇತ್ತು. ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ ನಿಜ. ಆದರೆ 2012ರಲ್ಲಿ 300 ರೂಪಾಯಿಗೆ ಬರುತ್ತಿದ್ದ ಅಕ್ಕಿ, ಎಣ್ಣೆ, ಮಾತ್ರೆ ಹತ್ತು ವರ್ಷದ ನಂತರ ಬರುತ್ತದೆಯೇ? ಕತ್ತರಿ ಆಡಿಸದೆ ಬೆಲೆ ಏರಿಕೆಯೇ ಕತ್ತರಿಸಿತು.

ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾನೂನು ಒಳ್ಳೆಯ ಕಾನೂನು. ಇದು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಅಂಗವಿಕಲರಿಗೆ ಇತರರಿಗಿಂತ ಕನಿಷ್ಠ ಶೇ. 25 ಹೆಚ್ಚು ಕೊಡಬೇಕು ಎಂದಿದೆ. ಆದರೆ ಅದೇ 24ನೆಯ ಕಲಮಿನಲ್ಲಿ, ಸರ್ಕಾರ ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಯೋಜನೆ ರೂಪಿಸಬೇಕು ಎಂಬ ಮಾತೂ ಇದೆ. ಬ್ರಿಟನ್ನಿನ ಕಥೆ ಓದಿದವರಿಗೆ ಈ ಚಿಕ್ಕ ಮಾತಿನ ತೂಕ ತಿಳಿಯುತ್ತದೆ.

ನಮ್ಮಲ್ಲೂ ಒಂದು ಸಾಸಿವೆ ಡಬ್ಬಿ ಇದೆ. ಕರ್ನಾಟಕದ ಗ್ರಾಮ ಪಂಚಾಯ್ತಿ ಮತ್ತು ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಹಣದಲ್ಲಿ ಶೇ. 5ರಷ್ಟನ್ನು ಅಂಗವಿಕಲರಿಗಾಗಿ ಮೀಸಲಿಡಬೇಕೆಂಬ ನಿಯಮವಿದೆ. ಮೊದಲು ಅದು ಶೇ. 3 ಆಗಿತ್ತು. ಪಂಚಾಯ್ತಿಗಳಲ್ಲಿ ಈ ಕೆಲಸಕ್ಕೆಂದೇ ಪುನರ್ವಸತಿ ಕಾರ್ಯಕರ್ತರನ್ನೂ ನೇಮಿಸಲಾಗಿದೆ. ಬ್ರಿಟನ್ನಿನವರು ಕಳೆದುಕೊಂಡ ಆ ‘ಮೀಸಲು’ ಎಂಬ ಮುದ್ರೆ ನಮ್ಮ ಕೈಯಲ್ಲಿದೆ. ಆದರೆ ಯಾರೂ ಕೇಳದ ಡಬ್ಬಿಯ ದುಡ್ಡು ಹೆಚ್ಚು ದಿನ ಡಬ್ಬಿಯಲ್ಲಿ ಉಳಿಯುವುದಿಲ್ಲ.

ಆದುದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಗ್ರಾಮಸಭೆ ಅಥವಾ ವಾರ್ಡ್ ಸಭೆಗೆ ಹೋಗಿ ಮೂರು ಪ್ರಶ್ನೆ ಕೇಳಿ. ಈ ವರ್ಷದ ಶೇ. 5 ಎಷ್ಟು ರೂಪಾಯಿ? ಅದರಲ್ಲಿ ಖರ್ಚಾದದ್ದು ಎಷ್ಟು? ಯಾರಿಗೆ ಏನು ಸಿಕ್ಕಿತು? ಮನೆಯಲ್ಲಿ, ನೆರೆಯಲ್ಲಿ ಅಂಗವಿಕಲರಿದ್ದರೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಅವರೇ ಕೇಳಲಿ. ಸಭೆ ಮೆಟ್ಟಿಲು ಹತ್ತಿ ಹೋಗುವ ಜಾಗದಲ್ಲಿದ್ದರೆ ಮೊದಲ ಪ್ರಶ್ನೆ ಅಲ್ಲಿಂದಲೇ ಶುರುವಾಗಲಿ.

ನಮ್ಮ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ವಿದ್ಯಾರ್ಥಿವೇತನಕ್ಕೆಂದು ಬಂದ ಹಣವನ್ನು ಕಟ್ಟಡದ ಸುಣ್ಣಕ್ಕೆ ತಾತ್ಕಾಲಿಕವಾಗಿ ತೆಗೆದುಕೊಳ್ಳೋಣ ಎಂಬ ಮಾತು ಎಲ್ಲ ಸಮಿತಿಗಳಲ್ಲೂ ಒಂದಲ್ಲ ಒಂದು ದಿನ ಬರುತ್ತದೆ. ಆ ದಿನ ಯಾರಾದರೊಬ್ಬರು ಎದ್ದು, ಆ ಹಣದ ಮೇಲೆ ಒಂದು ಮಗುವಿನ ಹೆಸರಿದೆ ಎಂದು ನೆನಪಿಸಬೇಕು. ಸೈಕಲ್ ತುಳಿದ ಆ ಅಕ್ಕ ಈಗ ಖಾಸಗಿಯಾಗಿ ಪಿಯುಸಿ ಪರೀಕ್ಷೆಗೆ ಕಟ್ಟಿದ್ದಾಳೆ. ತಮ್ಮನನ್ನು ಶಾಲೆಗೆ ಕರೆತರಲು ನಾವು ಕೆಲವು ಶಿಕ್ಷಕರು ಸೇರಿ ಆಟೋ ಗೊತ್ತು ಮಾಡಿದ್ದೇವೆ. ಆ ಬಾಡಿಗೆಯ ಹಣವನ್ನು ಬೇರೆಯೇ ಒಂದು ಲಕೋಟೆಯಲ್ಲಿ ಇಡುತ್ತೇವೆ, ಮೇಲೆ ಅವನ ಹೆಸರು ಬರೆದು.